ಕೀಲಿಗಳ ಜಗಳ ಬಿಡಿಸಿದವರು: ಕ್ರಿಸ್ಟೋಫರ್ ಲೇಥಮ್ ಶೋಲ್ಸ್

ವಿಎಸ್ ಕೋಡ್‌ಗೆ ವಿಮ್ ಎಕ್ಸ್‌ಟೆನ್ಶನ್ ಹಾಕಿಕೊಂಡವರಿಗೆ ಮೊದಲ ದಿನವೇ ಒಂದು ಗೊಂದಲ ಕಾದಿರುತ್ತದೆ. ಫೈಲಿನಲ್ಲಿ ಒಂದು ಪದ ಹುಡುಕೋಣ ಅಂತ ಕಂಟ್ರೋಲ್ ಎಫ್ ಒತ್ತಿದರೆ ಹುಡುಕುವ ಪೆಟ್ಟಿಗೆ ಬರೋದಿಲ್ಲ, ಪುಟ ಸರ್ರನೆ ಕೆಳಗೆ ಜಾರುತ್ತದೆ. ಅಂಟಿಸೋಣ ಅಂತ ಕಂಟ್ರೋಲ್ ವಿ ಒತ್ತಿದರೆ ಏನೂ ಅಂಟೋದಿಲ್ಲ, ಅಕ್ಷರಗಳನ್ನು ಕಂಬದ ಹಾಗೆ ನೆಟ್ಟಗೆ ಆಯ್ಕೆ ಮಾಡುವ ಸ್ಥಿತಿ ಶುರುವಾಗುತ್ತದೆ. ಎಡಿಟರ್ ಕೆಟ್ಟಿಲ್ಲ, ನಿಮ್ಮ ಬೆರಳೂ ತಪ್ಪಿಲ್ಲ. ಒಂದೇ ಕೀಲಿಯ ಮೇಲೆ ಇಬ್ಬರು ಹಕ್ಕು ಸಾಧಿಸುತ್ತಿದ್ದಾರೆ, ಅಷ್ಟೇ.

ಈ ಜಗಳ ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ್ದು ಅಂದುಕೊಂಡಿದ್ದರೆ ಅದು ಸರಿಯಲ್ಲ ನೋಡ್ರಿ. ಕೀಲಿಮಣೆ ಅನ್ನೋದು ಹುಟ್ಟಿದ ದಿನದಿಂದಲೂ ಕೀಲಿಗಳು ಜಗಳ ಆಡುತ್ತಲೇ ಇವೆ. ಆಗ ಡಿಕ್ಕಿ ಹೊಡೆಯುತ್ತಿದ್ದದ್ದು ಸಾಫ್ಟ್‌ವೇರಿನ ಎರಡು ಆಜ್ಞೆಗಳಲ್ಲ, ನಿಜವಾದ ಲೋಹದ ಎರಡು ಕಡ್ಡಿಗಳು. ಆ ಡಿಕ್ಕಿಯನ್ನು ಬಿಡಿಸಲು ವರ್ಷಗಟ್ಟಲೆ ಒದ್ದಾಡಿ, ಇವತ್ತು ವಿದ್ಯಾನಗರದ ಪ್ರತಿ ಪಿಜಿ ರೂಮಿನ ಲ್ಯಾಪ್‌ಟಾಪಿನಲ್ಲೂ ಇರುವ ಕ್ವರ್ಟಿ ಜೋಡಣೆಯನ್ನು ಕೊಟ್ಟುಹೋದವರು ಕ್ರಿಸ್ಟೋಫರ್ ಲೇಥಮ್ ಶೋಲ್ಸ್. ಅವರ ಹೆಸರು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ: ಟೈಪ್‌ರೈಟರ್ ಕಂಡುಹಿಡಿದವರು ಶೋಲ್ಸ್. ಆ ಒಂದು ಸಾಲಿನ ಹಿಂದೆ ಇರುವ ಬದುಕು ಇಲ್ಲಿದೆ.

ಅಚ್ಚುಮೊಳೆಯ ಹುಡುಗ

ಶೋಲ್ಸ್ ಹುಟ್ಟಿದ್ದು 1819ರ ಫೆಬ್ರವರಿ 14ರಂದು, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಮೂರ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ. ಹದಿಹರೆಯದಲ್ಲೇ ಹತ್ತಿರದ ಡ್ಯಾನ್‌ವಿಲ್ ಊರಿನ ಪತ್ರಿಕೆಯ ಅಚ್ಚುಕೂಟದಲ್ಲಿ ಕೆಲಸ ಕಲಿಯಲು ಸೇರಿದರು. ಒಂದೊಂದೇ ಸೀಸದ ಮೊಳೆ ಆರಿಸಿ, ಸಾಲಿಗೆ ಜೋಡಿಸಿ, ಅಚ್ಚು ಹಾಕಿ, ಮತ್ತೆ ಮೊಳೆಗಳನ್ನು ಬಿಡಿಸಿ ಅದರದರ ಗೂಡಿಗೆ ಹಾಕುವ ಕೆಲಸ ಅದು. ಯಾವ ಅಕ್ಷರ ಹೆಚ್ಚು ಬೇಕಾಗುತ್ತದೆ, ಯಾವುದು ಅಪರೂಪ, ಯಾವ ಗೂಡು ಕೈಗೆ ಹತ್ತಿರ ಇರಬೇಕು ಅನ್ನೋದು ಮೊಳೆ ಜೋಡಿಸುವವನ ಬೆರಳಿಗೇ ಗೊತ್ತಿರುತ್ತದೆ.

1837ರಲ್ಲಿ ಅವರು ಅಣ್ಣಂದಿರ ಜಾಡು ಹಿಡಿದು ಪಶ್ಚಿಮಕ್ಕೆ, ವಿಸ್ಕಾನ್ಸಿನ್ ಪ್ರಾಂತ್ಯಕ್ಕೆ ಹೋದರು. ಆಗ ಅದಿನ್ನೂ ರಾಜ್ಯವೇ ಆಗಿರಲಿಲ್ಲ. ಕೆಲವೇ ವರ್ಷಗಳಲ್ಲಿ ಸೌತ್‌ಪೋರ್ಟ್ ಎಂಬಲ್ಲಿ (ಮುಂದೆ ಅದೇ ಊರು ಕೆನೋಶಾ ಆಯಿತು) ಪತ್ರಿಕೆಯ ಸಂಪಾದಕರಾದರು. ಪತ್ರಿಕೆಯ ಜೊತೆಗೆ ರಾಜಕೀಯವೂ ಬಂತು. ರಾಜ್ಯದ ಸೆನೆಟ್‌ನಲ್ಲೂ ವಿಧಾನಸಭೆಯಲ್ಲೂ ಸದಸ್ಯರಾಗಿ ಕೂತರು. ಗುಲಾಮಗಿರಿಯ ವಿರೋಧಿಗಳ ಸಾಲಿನಲ್ಲಿ ನಿಂತರು.

ಅವರ ಸಾರ್ವಜನಿಕ ಬದುಕಿನಲ್ಲಿ ಎದ್ದು ಕಾಣುವ ಕೆಲಸ ಟೈಪ್‌ರೈಟರ್‌ಗಿಂತ ಹಳೆಯದು. 1851ರಲ್ಲಿ ಕೆನೋಶಾದಲ್ಲಿ ಸಾವಿರಾರು ಜನರ ಎದುರು ಒಬ್ಬ ಅಪರಾಧಿಯನ್ನು ಗಲ್ಲಿಗೆ ಹಾಕಿದರು. ಶೋಲ್ಸ್ ತಮ್ಮ ಪತ್ರಿಕೆಯಲ್ಲಿ ಅದನ್ನು ಕಟುವಾಗಿ ಖಂಡಿಸಿದರು, ಮರಣದಂಡನೆ ರದ್ದಾಗಬೇಕೆಂದು ಪತ್ರಿಕೆಯಲ್ಲೂ ಸಭೆಯಲ್ಲೂ ವಾದಿಸಿದರು. 1853ರಲ್ಲಿ ವಿಸ್ಕಾನ್ಸಿನ್ ಮರಣದಂಡನೆಯನ್ನು ರದ್ದು ಮಾಡಿತು. ಆ ಕಾನೂನು ಇಂದಿಗೂ ಹಾಗೇ ಇದೆ. ಒಂದು ಕೆಲಸ ಹಿಡಿದರೆ ಸುಮ್ಮನೆ ಬಿಡುವ ಜಾಯಮಾನ ಅವರದ್ದಲ್ಲ ಅನ್ನೋದಕ್ಕೆ ಇದೊಂದು ಸಾಕ್ಷಿ.

ಪುಟಸಂಖ್ಯೆಯಿಂದ ಅಕ್ಷರಕ್ಕೆ

ಆಮೇಲೆ ಶೋಲ್ಸ್ ಮಿಲ್ವಾಕಿ ನಗರಕ್ಕೆ ಬಂದರು. ಅಲ್ಲೂ ಪತ್ರಿಕೆ, ಜೊತೆಗೆ ಬಂದರಿನ ಸುಂಕದ ಅಧಿಕಾರಿಯ ಹುದ್ದೆ. ಸಂಬಳದ ಕೆಲಸ ಆಗಿದ್ದರಿಂದ ಸಂಜೆ ಹೊತ್ತು ಒಂದಿಷ್ಟು ಬಿಡುವು ಸಿಗುತ್ತಿತ್ತು. ಆ ಬಿಡುವನ್ನು ಅವರು ಕಳೆದದ್ದು ಕ್ಲೈನ್‌ಸ್ಟೂಬರ್ ಎಂಬವರ ಯಂತ್ರದ ವರ್ಕ್‌ಶಾಪಿನಲ್ಲಿ. ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳ ಕಾಲದಿಂದಲೂ ಲೇತ್ ಎದುರು ನಿಂತು ತಲೆಯಲ್ಲಿದ್ದದ್ದನ್ನು ಕಬ್ಬಿಣದಲ್ಲಿ ಮಾಡಿ ನೋಡುವ ಜನ ಈ ಸೀಮೆಯಲ್ಲಿ ಬೇಕಾದಷ್ಟು ಇದ್ದಾರೆ. ಮಿಲ್ವಾಕಿಯ ಆ ವರ್ಕ್‌ಶಾಪ್ ಕೂಡ ಅಂಥವರ ಅಡ್ಡೆಯೇ ಆಗಿತ್ತು.

ಮೊದಲು ಅವರು ಮೊಳೆ ಜೋಡಿಸುವ ಯಂತ್ರಕ್ಕೆ ಕೈಹಾಕಿದ್ದರು, ಅದು ಕೈಕೊಟ್ಟಿತು. ಆಮೇಲೆ ಸ್ಯಾಮ್ಯುಯಲ್ ಸೂಲೆ ಎಂಬ ಮುದ್ರಕ ಗೆಳೆಯನ ಜೊತೆ ಸೇರಿ ಪುಸ್ತಕದ ಪುಟಗಳಿಗೆ, ಟಿಕೆಟ್‌ಗಳಿಗೆ ಸಂಖ್ಯೆ ಒತ್ತುವ ಯಂತ್ರ ಮಾಡಿದರು. 1866ರ ನವೆಂಬರ್ 13ರಂದು ಅದಕ್ಕೆ ಪೇಟೆಂಟ್ ಸಿಕ್ಕಿತು. ಅದೇ ವರ್ಕ್‌ಶಾಪಿಗೆ ಬರುತ್ತಿದ್ದ ಕಾರ್ಲೋಸ್ ಗ್ಲಿಡನ್ ಎಂಬ ವಕೀಲರು ಆ ಯಂತ್ರ ನೋಡಿ ಒಂದು ಪ್ರಶ್ನೆ ಹಾಕಿದರು: ಸಂಖ್ಯೆ ಒತ್ತುವ ಯಂತ್ರ ಅಕ್ಷರವನ್ನು ಯಾಕೆ ಒತ್ತಬಾರದು? 1867ರ ಜುಲೈನಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಅಲಬಾಮದ ಜಾನ್ ಪ್ರ್ಯಾಟ್ ಎಂಬವರ ಬರೆಯುವ ಯಂತ್ರದ ಬಗ್ಗೆ ಒಂದು ಟಿಪ್ಪಣಿ ಬಂತು. ಅದನ್ನು ಓದಿದ ಮೇಲೆ ಶೋಲ್ಸ್ ತಲೆಯಲ್ಲಿ ಈ ವಿಷಯ ಕೂತುಬಿಟ್ಟಿತು.

ಮೊದಲ ಪ್ರಯೋಗ ಎಷ್ಟು ಸರಳವಾಗಿತ್ತೆಂದರೆ ನಗು ಬರುತ್ತದೆ. ಟೆಲಿಗ್ರಾಫ್ ಕಳಿಸುವ ಒಂದು ಹಳೆಯ ಕೀಲಿ ತಗೊಂಡು, ಅದಕ್ಕೆ ಒಂದೇ ಒಂದು ಅಕ್ಷರದ ಮೊಳೆ ಕೂರಿಸಿದರು. ಇಂಗ್ಲಿಷಿನ ಡಬ್ಲ್ಯೂ ಅಕ್ಷರ. ಕೀಲಿ ಒತ್ತಿದರೆ ಮೊಳೆ ಮೇಲೆದ್ದು ಗಾಜಿನ ಕೆಳಗಿಟ್ಟ ಇಂಗಾಲದ ಕಾಗದಕ್ಕೆ ಬಡಿಯುತ್ತಿತ್ತು, ಬಿಳಿ ಹಾಳೆಯ ಮೇಲೆ ಡಬ್ಲ್ಯೂ ಮೂಡುತ್ತಿತ್ತು. ಇನ್ನೊಮ್ಮೆ ಒತ್ತಿದರೆ ಇನ್ನೊಂದು ಡಬ್ಲ್ಯೂ. ಇಷ್ಟೇ ಯಂತ್ರ. ನಾವು ಪ್ರಿಂಟ್ ಹೆಲೋ ವರ್ಲ್ಡ್ ಬರೆದು ಖುಷಿಪಡುತ್ತೇವಲ್ಲ, ಅದರ 1867ರ ಆವೃತ್ತಿ ಅಂತ ಇಟ್ಟುಕೊಳ್ಳಿ.

ಒಂದು ಅಕ್ಷರ ಸರಿ. ಆದರೆ ಎಲ್ಲ ಅಕ್ಷರಗಳನ್ನೂ ಒಂದೇ ಯಂತ್ರದಲ್ಲಿ ಕೂರಿಸಿದಾಗ ನಿಜವಾದ ಕಷ್ಟ ಶುರುವಾಯಿತು.

ಡಿಕ್ಕಿ ಆಗುತ್ತಿದ್ದದ್ದು ಹೇಗೆ

ಶೋಲ್ಸ್ ಯಂತ್ರದ ಒಳಗಡೆ ಹೇಗಿತ್ತು ಅಂತ ಒಂದು ಸಲ ಕಣ್ಣಮುಂದೆ ತಂದುಕೊಳ್ಳಿ. ಪ್ರತಿ ಕೀಲಿಗೂ ಒಂದು ಕಡ್ಡಿ. ಕಡ್ಡಿಯ ತುದಿಯಲ್ಲಿ ಅಕ್ಷರದ ಮೊಳೆ. ಈ ಕಡ್ಡಿಗಳೆಲ್ಲ ಒಂದು ಬುಟ್ಟಿಯ ಅಂಚಿನ ಸುತ್ತ ಜೋತುಬಿದ್ದಂತೆ ವೃತ್ತಾಕಾರವಾಗಿ ನಿಂತಿರುತ್ತಿದ್ದವು. ಕೀಲಿ ಒತ್ತಿದಾಗ ಅದರ ಕಡ್ಡಿ ಮೇಲೆ ಹಾರಿ, ವೃತ್ತದ ನಟ್ಟನಡುವಿನ ಒಂದೇ ಬಿಂದುವಿಗೆ ಕಾಗದದ ಕೆಳಗಿನಿಂದ ಬಡಿದು, ತನ್ನ ಭಾರಕ್ಕೇ ಮತ್ತೆ ಕೆಳಗೆ ಬೀಳಬೇಕಿತ್ತು. ಎಲ್ಲ ಅಕ್ಷರಗಳಿಗೂ ಇರುವುದು ಅದೊಂದೇ ಬಿಂದು.

ಮೊದಲನೆಯ ಕಡ್ಡಿ ಕೆಳಗೆ ಬೀಳುವ ಮೊದಲೇ ಎರಡನೆಯ ಕೀಲಿ ಒತ್ತಿದರೆ? ಎರಡೂ ಕಡ್ಡಿಗಳು ನಡುದಾರಿಯಲ್ಲಿ ಡಿಕ್ಕಿ ಹೊಡೆದು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತಿದ್ದವು. ಬುಟ್ಟಿಯಲ್ಲಿ ಅಕ್ಕಪಕ್ಕ ಇರುವ ಕಡ್ಡಿಗಳಾದರೆ ದಾರಿ ಹೆಚ್ಚುಕಡಿಮೆ ಒಂದೇ ಆದ್ದರಿಂದ ಈ ಅಪಾಯ ಇನ್ನೂ ಜಾಸ್ತಿ. ಇದಕ್ಕಿಂತ ದೊಡ್ಡ ಫಜೀತಿ ಏನೆಂದರೆ, ಅಕ್ಷರ ಮೂಡುತ್ತಿದ್ದದ್ದು ಉರುಳೆಯ ಕೆಳಮುಖದಲ್ಲಿ. ಬರೆಯುವವರಿಗೆ ತಾವು ಏನು ಬರೆಯುತ್ತಿದ್ದೇವೆ ಅಂತ ಕಾಣುತ್ತಲೇ ಇರಲಿಲ್ಲ. ಕೆಲವು ಸಾಲು ಮುಂದೆ ಹೋದ ಮೇಲೆ ಅಥವಾ ಉರುಳೆ ಎತ್ತಿ ನೋಡಿದಾಗಲೇ ತಪ್ಪು ಗೊತ್ತಾಗುತ್ತಿತ್ತು. ಎರರ್ ಮೆಸೇಜ್ ಇಲ್ಲದೆ ಸುಮ್ಮನೆ ತಪ್ಪು ಉತ್ತರ ಕೊಡುವ ಪ್ರೋಗ್ರಾಮ್ ಇದ್ದ ಹಾಗೆ.

ಮೊದಮೊದಲ ಕೀಲಿಮಣೆ ಪಿಯಾನೋದಂತೆ ಎರಡು ಸಾಲಿನದು. ಅಕ್ಷರಗಳು ಬಹುಪಾಲು ವರ್ಣಮಾಲೆಯ ಕ್ರಮದಲ್ಲೇ ಇದ್ದವು, ಅರ್ಧ ಕೆಳಸಾಲಿನಲ್ಲಿ, ಅರ್ಧ ಮೇಲ್ಸಾಲಿನಲ್ಲಿ. ಸೊನ್ನೆಗೂ ಒಂದಕ್ಕೂ ಬೇರೆ ಕೀಲಿಯೇ ಇರಲಿಲ್ಲ. ಓ ಅಕ್ಷರವನ್ನು ಸೊನ್ನೆ ಅಂತ, ಐ ಅಕ್ಷರವನ್ನು ಒಂದು ಅಂತ ಬಳಸಬೇಕಿತ್ತು. ಒಂದೇ ಕೀಲಿಗೆ ಎರಡು ಅರ್ಥ ಕೊಡುವ ಚಾಳಿ ಅಲ್ಲಿಂದಲೇ ಶುರು. 1868ರ ಜೂನ್ 23ರಂದು ಶೋಲ್ಸ್, ಗ್ಲಿಡನ್, ಸೂಲೆ ಮೂವರ ಹೆಸರಿನಲ್ಲಿ ಮೊದಲ ಟೈಪ್‌ರೈಟರ್ ಪೇಟೆಂಟ್ ಬಂತು.

ಯಂತ್ರವನ್ನು ಮುರಿಯುತ್ತಿದ್ದ ಗೆಳೆಯ

ಈ ಹೊತ್ತಿಗೆ ಕಥೆಯೊಳಗೆ ಜೇಮ್ಸ್ ಡೆನ್ಸ್‌ಮೋರ್ ಬಂದರು. ಅವರೂ ಹಿಂದೆ ಪತ್ರಿಕೆ ನಡೆಸಿದವರೇ. ಯಂತ್ರದಲ್ಲಿ ಟೈಪು ಮಾಡಿ ಕಳಿಸಿದ ಕಾಗದ ಓದಿ, ಯಂತ್ರವನ್ನು ಕಣ್ಣಲ್ಲೂ ನೋಡದೆ, ಅಲ್ಲಿಯವರೆಗಿನ ಖರ್ಚು 600 ಡಾಲರ್ ಕೊಟ್ಟು ಕಾಲುಭಾಗದ ಹಕ್ಕು ತಗೊಂಡರು. ಆಮೇಲೆ ಮಿಲ್ವಾಕಿಗೆ ಬಂದು ಯಂತ್ರ ನೋಡಿದಾಗ ಅವರಿಗೆ ಸಮಾಧಾನ ಆಗಲಿಲ್ಲ. ಇದು ಇನ್ನೂ ಯಾವುದಕ್ಕೂ ಬರೋದಿಲ್ಲ, ಸುಧಾರಿಸಿ ಅಂದರು. ಶೋಲ್ಸ್ ಮೆದು ಸ್ವಭಾವದವರು, ಬೇಗ ಕೈಚೆಲ್ಲುವವರು. ಡೆನ್ಸ್‌ಮೋರ್ ಒರಟು, ಹಟಮಾರಿ. ಸೂಲೆ, ಗ್ಲಿಡನ್ ಇಬ್ಬರೂ ಬರಬರುತ್ತಾ ಹಿಂದೆ ಸರಿದರು. ಉಳಿದವರು ಇವರಿಬ್ಬರು.

ಡೆನ್ಸ್‌ಮೋರ್ ಮಾಡಿದ ಜಾಣತನದ ಕೆಲಸ ಒಂದಿತ್ತು. ಯಂತ್ರವನ್ನು ಅದನ್ನು ದಿನವಿಡೀ ದುಡಿಸುವವರ ಕೈಗೆ ಕೊಡಬೇಕು ಅಂತ ತೀರ್ಮಾನಿಸಿದರು. ಟೆಲಿಗ್ರಾಫ್ ಕೆಲಸದ ಚಾರ್ಲ್ಸ್ ವೆಲ್ಲರ್ ಒಬ್ಬರು. ಇನ್ನೊಬ್ಬರು ವಾಷಿಂಗ್ಟನ್‌ನ ಶೀಘ್ರಲಿಪಿಕಾರ ಜೇಮ್ಸ್ ಕ್ಲೆಫೇನ್. ಕೋರ್ಟಿನ ಮಾತುಗಳನ್ನು ಓಡುವ ವೇಗದಲ್ಲಿ ಬರೆದುಕೊಂಡು ಶುದ್ಧಪ್ರತಿ ಮಾಡುವ ಕೆಲಸ ಕ್ಲೆಫೇನ್ ಅವರದ್ದು. ಅವರಿಗೆ ಯಂತ್ರ ನಿಜವಾಗಿ ಬೇಕಾಗಿತ್ತು, ಅದಕ್ಕೇ ದಯೆದಾಕ್ಷಿಣ್ಯ ಇಲ್ಲದೆ ದುಡಿಸಿದರು. ಕಳಿಸಿದ ಯಂತ್ರ ಮುರಿದುಹೋಗುವವರೆಗೆ ಬಡಿಯುವುದು, ಎಲ್ಲಿ ಸಿಕ್ಕಿತು, ಎಲ್ಲಿ ಬಾಗಿತು, ಯಾವುದು ಸಡಿಲ ಆಯಿತು ಅಂತ ಪಟ್ಟಿ ಮಾಡಿ ಖಾರವಾಗಿ ಬರೆದು ಕಳಿಸುವುದು. ಶೋಲ್ಸ್ ತಿದ್ದಿ ಹೊಸದು ಕಳಿಸುವುದು. ಕ್ಲೆಫೇನ್ ಅದನ್ನೂ ಮುರಿಯುವುದು.

ಹೀಗೆ ಒಂದೆರಡಲ್ಲ, ಹತ್ತಾರು ಮಾದರಿಗಳು ಹೋಗಿ ಬಂದವು. ಒಂದು ಹಂತದಲ್ಲಿ ಶೋಲ್ಸ್‌ಗೆ ರೋಸಿಹೋಗಿ, ಇನ್ನು ಈ ಮನುಷ್ಯನ ಸಹವಾಸವೇ ಬೇಡ ಅನ್ನುವಷ್ಟು ಬೇಸರವಾಯಿತು. ಆಗ ತಡೆದವರು ಡೆನ್ಸ್‌ಮೋರ್. ತಪ್ಪುಗಳನ್ನು ಈಗಲೇ, ಕಾರ್ಖಾನೆಗೆ ಹೋಗುವ ಮೊದಲೇ ತೋರಿಸಿಕೊಡುವವರು ನಮಗೆ ಬೇಕು, ಇಂಥ ಬೈಗುಳ ಸಿಕ್ಕಿದ್ದೇ ಪುಣ್ಯ ಅನ್ನೋದು ಅವರ ವಾದ. ಶೋಲ್ಸ್ ಮತ್ತೆ ವರ್ಕ್‌ಶಾಪಿಗೆ ಹೋದರು. ಟೈಪ್‌ರೈಟರ್ ಉಳಿದದ್ದು ಆ ಸಂಜೆಗಳಲ್ಲಿ. ಬೈದವರ ಪಟ್ಟಿಯನ್ನು ಹರಿದು ಬಿಸಾಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಇವತ್ತು ಎಡಿಟರ್‌ನಲ್ಲಿ ಶಾರ್ಟ್‌ಕಟ್ ಕೈಕೊಟ್ಟಾಗ ನಾವು ಮಾಡಬೇಕಾದದ್ದೂ ಇದೇ ಕೆಲಸ. ಸುಮ್ಮನೆ ಎಲ್ಲವನ್ನೂ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುವುದಲ್ಲ. ಯಾವ ಕೀಲಿ, ಯಾವ ಹೊತ್ತಿನಲ್ಲಿ, ಎಲ್ಲಿ ಕರ್ಸರ್ ಇದ್ದಾಗ ತಪ್ಪುತ್ತದೆ ಅಂತ ಕ್ಲೆಫೇನ್ ಥರ ಪಟ್ಟಿ ಮಾಡಬೇಕು. ವಿಎಸ್ ಕೋಡ್‌ನ ಕೀಬೋರ್ಡ್ ಶಾರ್ಟ್‌ಕಟ್ಸ್ ಪುಟದಲ್ಲಿ ಆ ಕೀಲಿಯನ್ನೇ ಒತ್ತಿ ಹುಡುಕಿದರೆ ಅದರ ಮೇಲೆ ಯಾರ್‍ಯಾರು ಹಕ್ಕು ಹೇಳುತ್ತಿದ್ದಾರೆ ಅಂತ ಸಾಲಾಗಿ ಕಾಣುತ್ತದೆ. ನಿಯಮಗಳನ್ನು ಅದು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗುತ್ತದೆ, ಮೊದಲು ಹೊಂದಿದ್ದು ಗೆಲ್ಲುತ್ತದೆ. ಅದಕ್ಕೇ ನೀವು ಬರೆದ ನಿಯಮ ಎಡಿಟರಿನದನ್ನು ಸೋಲಿಸುತ್ತದೆ. ಯಾವ ಎಕ್ಸ್‌ಟೆನ್ಶನ್ ಕಾರಣ ಅಂತ ತಿಳಿಯದಿದ್ದರೆ ಎಕ್ಸ್‌ಟೆನ್ಶನ್ ಬೈಸೆಕ್ಟ್ ಎಂಬ ಸೌಲಭ್ಯ ಅರ್ಧರ್ಧ ಆರಿಸಿ ನೋಡುತ್ತಾ ಅಪರಾಧಿಯ ಹತ್ತಿರ ಕರೆದೊಯ್ಯುತ್ತದೆ. ವಿಮ್‌ನಲ್ಲಾದರೆ ಮ್ಯಾಪ್ ಆಜ್ಞೆಯ ಹಿಂದೆ ವರ್ಬೋಸ್ ಸೇರಿಸಿದರೆ ಆ ಕೀಲಿಯನ್ನು ಕೊನೆಗೆ ಬದಲಿಸಿದ ಫೈಲ್ ಯಾವುದೆಂದು ಗೊತ್ತಾಗುತ್ತದೆ. ಶೋಲ್ಸ್‌ಗೆ ಇದ್ಯಾವುದೂ ಇರಲಿಲ್ಲ. ಅವರಿಗಿದ್ದದ್ದು ಅಂಚೆಯಲ್ಲಿ ಬರುವ ಬೈಗುಳ ಮತ್ತು ಒಂದು ಅರ.

ಕ್ವರ್ಟಿ ಹುಟ್ಟಿದ್ದು

1868ರಿಂದ 1873ರ ನಡುವೆ ಕೀಲಿಮಣೆ ಹಂತಹಂತವಾಗಿ ಬದಲಾಯಿತು. ಎರಡು ಸಾಲು ನಾಲ್ಕಾಯಿತು. ಅಕ್ಷರಗಳು ಒಂದೊಂದಾಗಿ ಜಾಗ ಬಿಟ್ಟು ಎದ್ದು ಬೇರೆ ಕಡೆ ಕೂತವು. 1872ರ ಆಗಸ್ಟ್‌ನಲ್ಲಿ ಸೈಂಟಿಫಿಕ್ ಅಮೆರಿಕನ್ ಪ್ರಕಟಿಸಿದ ಚಿತ್ರದಲ್ಲಿ ಮೇಲ್ಸಾಲು ಇವತ್ತಿನದಕ್ಕೆ ಬಹಳ ಹತ್ತಿರ ಬಂದಿತ್ತು. ಈಗ ಆರ್ ಇರುವ ಜಾಗದಲ್ಲಿ ಆಗ ಪೂರ್ಣವಿರಾಮ ಕೂತಿತ್ತು.

ಈ ಜೋಡಣೆ ಯಾಕೆ ಹೀಗಾಯಿತು? ಟೈಪು ಮಾಡುವವರ ವೇಗ ತಗ್ಗಿಸಲೆಂದೇ ಅಕ್ಷರಗಳನ್ನು ಚದುರಿಸಿದರು ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಅದಕ್ಕೆ ಆಧಾರ ಇಲ್ಲ. ಉದ್ದೇಶ ಇದ್ದದ್ದು ತಡೆಯಿಲ್ಲದೆ ಬರೆಯುವುದು. ಹೆಚ್ಚಾಗಿ ಜೊತೆಜೊತೆಗೆ ಬರುವ ಅಕ್ಷರಗಳ ಕಡ್ಡಿಗಳನ್ನು ದೂರ ಇಟ್ಟರೆ ಡಿಕ್ಕಿ ತಪ್ಪುತ್ತದೆ ಎಂಬುದು ಬಹುಕಾಲದಿಂದ ಬಂದಿರುವ ವಿವರಣೆ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಯಾಸುಓಕಾ ಸಂಶೋಧಕರು 2011ರಲ್ಲಿ ಇದನ್ನು ಪ್ರಶ್ನಿಸಿದರು. ಇಂಗ್ಲಿಷಿನಲ್ಲಿ ತೀರಾ ಹೆಚ್ಚಾಗಿ ಜೋಡಿಯಾಗಿ ಬರುವ ಇ ಮತ್ತು ಆರ್ ಅಕ್ಕಪಕ್ಕವೇ ಇವೆಯಲ್ಲ ಅನ್ನೋದು ಅವರ ತಕರಾರು. ಟೆಲಿಗ್ರಾಫ್ ಆಪರೇಟರ್‌ಗಳು ಮೋರ್ಸ್ ಸಂಕೇತ ಕೇಳುತ್ತಾ ನೇರವಾಗಿ ಟೈಪು ಮಾಡುತ್ತಿದ್ದರು. ಅಮೆರಿಕನ್ ಮೋರ್ಸ್‌ನಲ್ಲಿ ಝಡ್ ಅಕ್ಷರ ಕೇಳಿದರೆ ಎಸ್ ಇ ಅಂದಹಾಗೂ ಕೇಳುತ್ತದೆ, ಅದಕ್ಕೇ ಎಸ್ ಈ ಎರಡರ ಹತ್ತಿರ ಬಂತು ಅನ್ನುತ್ತಾರೆ ಅವರು. ಎರಡು ವಿವರಣೆಗಳಲ್ಲಿ ಯಾವುದನ್ನೇ ಒಪ್ಪಿದರೂ ಒಂದು ಮಾತು ಉಳಿಯುತ್ತದೆ. ಈ ಜೋಡಣೆಯನ್ನು ಯಾರೋ ಒಬ್ಬರು ಕೂತು ಒಂದೇ ದಿನ ಬರೆದದ್ದಲ್ಲ. ಬಳಸುವವರು ಎಡವಿದ ಕಡೆಯಲ್ಲೆಲ್ಲ ತಿದ್ದುತ್ತಾ ತಿದ್ದುತ್ತಾ ಅದು ತಾನಾಗಿ ಒಂದು ರೂಪಕ್ಕೆ ಬಂತು.

ಹಳೆಯದರ ಗುರುತೂ ಅದರಲ್ಲಿ ಉಳಿದುಕೊಂಡಿದೆ. ನಡುಸಾಲು ನೋಡಿ: ಡಿ, ಎಫ್, ಜಿ, ಎಚ್, ಜೆ, ಕೆ, ಎಲ್. ನಡುವೆ ಇ, ಐ ಎದ್ದು ಹೋಗಿವೆ, ಉಳಿದದ್ದು ವರ್ಣಮಾಲೆಯ ಕ್ರಮವೇ. ಪಿಯಾನೋ ಕೀಲಿಗಳ ಕಾಲದ ಪಳೆಯುಳಿಕೆ ಅದು.

ಬಂದೂಕಿನ ಕಾರ್ಖಾನೆಗೆ

1873ರ ಮಾರ್ಚ್ 1ರಂದು ನ್ಯೂಯಾರ್ಕ್ ರಾಜ್ಯದ ಇಲಿಯನ್ ಊರಿನ ರೆಮಿಂಗ್ಟನ್ ಕಂಪನಿಯ ಜೊತೆ ಒಪ್ಪಂದವಾಯಿತು. ರೆಮಿಂಗ್ಟನ್ ಅಂದರೆ ಬಂದೂಕು ಮಾಡುವವರು. ಅಂತರ್ಯುದ್ಧ ಮುಗಿದು ಬಂದೂಕಿಗೆ ಬೇಡಿಕೆ ಇಳಿದಿತ್ತು. ಹೊಲಿಗೆ ಯಂತ್ರವನ್ನೂ ಮಾಡುತ್ತಿದ್ದರು. ಅಲ್ಲಿನ ಮೆಕ್ಯಾನಿಕ್‌ಗಳು ಶೋಲ್ಸ್ ಯಂತ್ರವನ್ನು ಕಾರ್ಖಾನೆಯಲ್ಲಿ ಮಾಡಲು ಬರುವ ಹಾಗೆ ತಿದ್ದಿದರು. ಹಾಗಾಗಿ 1874ರಲ್ಲಿ ಪೇಟೆಗೆ ಬಂದ ಮೊದಲ ಯಂತ್ರ ನೋಡಲು ಹೊಲಿಗೆ ಯಂತ್ರದ ತಂಗಿಯಂತೆಯೇ ಇತ್ತು. ಮೈತುಂಬ ಹೂಬಳ್ಳಿ ಚಿತ್ರ, ಸಾಲು ಮುಗಿದಾಗ ಉರುಳೆ ಹಿಂದಕ್ಕೆ ತರಲು ಕಾಲಿನ ಪೆಡಲ್. ಬೆಲೆ 125 ಡಾಲರ್. ಅಕ್ಷರಗಳು ದೊಡ್ಡವು ಮಾತ್ರ.

ಮಾರಾಟ ಏನೂ ಭರ್ಜರಿ ಆಗಲಿಲ್ಲ. ಲೇಖಕ ಮಾರ್ಕ್ ಟ್ವೇನ್ ಒಂದು ಕೊಂಡರು, ಕೊಂಡ ಮೇಲೆ ಅದರ ಬಗ್ಗೆ ಗೊಣಗಿದರು. 1878ರಲ್ಲಿ ಬಂದ ರೆಮಿಂಗ್ಟನ್ ನಂ. 2 ಯಂತ್ರ ಪರಿಸ್ಥಿತಿ ಬದಲಿಸಿತು. ಅದರಲ್ಲಿ ಶಿಫ್ಟ್ ಕೀಲಿ ಇತ್ತು. ಪ್ರತಿ ಕಡ್ಡಿಯ ತುದಿಗೆ ಎರಡು ಅಕ್ಷರ, ದೊಡ್ಡದು ಮತ್ತು ಸಣ್ಣದು. ಶಿಫ್ಟ್ ಒತ್ತಿದರೆ ಉರುಳೆಯೇ ಜರುಗುತ್ತಿತ್ತು, ಅದೇ ಕೀಲಿ ಇನ್ನೊಂದು ಅಕ್ಷರ ಒತ್ತುತ್ತಿತ್ತು. ಶಿಫ್ಟ್ ಅನ್ನುವ ಹೆಸರು ಬಂದದ್ದೇ ಆ ಜರುಗುವಿಕೆಯಿಂದ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕೀಲಿಗಳ ಸಂಖ್ಯೆ ಹೆಚ್ಚಿಸದೆ ಒಂದೇ ಕೀಲಿಗೆ ಎರಡು ಕೆಲಸ ಹೇಳುವ ಉಪಾಯ ಇದು. ನಮ್ಮ ಕಂಟ್ರೋಲ್, ಆಲ್ಟ್ ಎಲ್ಲ ಇದೇ ಮನೆತನದವು. ಉಪಾಯ ಒಳ್ಳೆಯದೇ. ಆದರೆ ಇದರ ಜೊತೆಗೇ ಹೊಸ ಥರದ ಜಗಳಕ್ಕೂ ಬಾಗಿಲು ತೆರೆಯಿತು. ಕಡ್ಡಿಗಳು ಡಿಕ್ಕಿ ಹೊಡೆಯುವುದನ್ನು ಶೋಲ್ಸ್ ಬಿಡಿಸಿದರು. ಅರ್ಥಗಳು ಡಿಕ್ಕಿ ಹೊಡೆಯುವುದನ್ನು ಮುಂದಿನವರು ಬಿಡಿಸಬೇಕಾಯಿತು.

ಕೈಗೆ ಬಂದದ್ದು ಎಷ್ಟು

ಇಷ್ಟೆಲ್ಲ ಮಾಡಿದ ಶೋಲ್ಸ್‌ಗೆ ಸಿಕ್ಕಿದ್ದೇನು? ಅವರು ತಮ್ಮ ಹಕ್ಕನ್ನು ಮಾರಿಬಿಟ್ಟರು. ಬಂದದ್ದು ಸುಮಾರು 12,000 ಡಾಲರ್ ಎನ್ನುತ್ತಾರೆ. ಆ ಕಾಲಕ್ಕೆ ಸಣ್ಣ ಮೊತ್ತ ಅಲ್ಲ. ಆದರೆ ಡೆನ್ಸ್‌ಮೋರ್ ಒಂದೇ ಸಲಕ್ಕೆ ಹಣ ತಗೊಳ್ಳದೆ ಮಾರಾಟವಾದ ಪ್ರತಿ ಯಂತ್ರದ ಮೇಲೆ ರಾಯಲ್ಟಿ ಇಟ್ಟುಕೊಂಡರು, ಅದರ ಎಷ್ಟೋ ಪಟ್ಟು ಗಳಿಸಿದರು. ಶೋಲ್ಸ್ ದೊಡ್ಡ ಸಂಸಾರಸ್ಥರು, ಹತ್ತು ಮಕ್ಕಳ ತಂದೆ. ಕೊನೆಯ ವರ್ಷಗಳಲ್ಲಿ ಆರೋಗ್ಯವೂ ಕೈಕೊಟ್ಟಿತು, ಕ್ಷಯರೋಗ ಹಿಡಿಯಿತು.

ಹಣದ ವಿಷಯದಲ್ಲಿ ಅವರು ಹೆಚ್ಚು ಕೊರಗಿದಂತೆ ಕಾಣುವುದಿಲ್ಲ. ಅವರಿಗೆ ಸಮಾಧಾನ ಕೊಟ್ಟದ್ದು ಬೇರೆ. 1872ರಲ್ಲಿ ತೆಗೆದ ಒಂದು ಫೋಟೋದಲ್ಲಿ ಅವರ ಮಗಳು ಲಿಲಿಯನ್ ಯಂತ್ರದ ಮುಂದೆ ಕೂತು ಟೈಪು ಮಾಡುತ್ತಿದ್ದಾಳೆ. ಅಲ್ಲಿಯವರೆಗೆ ಆಫೀಸಿನ ಗುಮಾಸ್ತಿಕೆ ಬಹುಪಾಲು ಗಂಡಸರದ್ದೇ. ಟೈಪ್‌ರೈಟರ್ ಬಂದ ಮೇಲೆ ಹೆಣ್ಣುಮಕ್ಕಳು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಆಫೀಸುಗಳಿಗೆ ಬಂದರು, ಸ್ವಂತ ಸಂಬಳ ಎಣಿಸಿದರು. ತಮ್ಮ ಯಂತ್ರದಿಂದ ಇದು ಆಯಿತಲ್ಲ ಎಂಬ ತೃಪ್ತಿ ಅವರಿಗೆ ಇತ್ತು. ನಮ್ಮ ಊರುಗಳ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿ ಕೆಲಸಕ್ಕೆ ಸೇರಿದ ನಮ್ಮ ಅಮ್ಮ, ಅತ್ತೆ, ಚಿಕ್ಕಮ್ಮಂದಿರ ತಲೆಮಾರನ್ನು ನೆನೆದರೆ ಆ ತೃಪ್ತಿಯ ಅಳತೆ ನಮಗೂ ಸಿಗುತ್ತದೆ.

ತಾವೇ ಹಾಕಿದ ಗಂಟು

ಶೋಲ್ಸ್ ಬದುಕಿನ ಕೊನೆಯ ಭಾಗವೇ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುತ್ತದೆ. ಹಕ್ಕು ಮಾರಿದ ಮೇಲೂ ಅವರು ಸುಮ್ಮನಾಗಲಿಲ್ಲ. ಕಾಯಿಲೆಯಲ್ಲೂ ಯಂತ್ರ ತಿದ್ದುತ್ತಲೇ ಇದ್ದರು. 1889ರಲ್ಲಿ ಇನ್ನೊಂದು ಪೇಟೆಂಟಿಗೆ ಅರ್ಜಿ ಹಾಕಿದರು. ಅದರ ಕೀಲಿಮಣೆ ಕ್ವರ್ಟಿ ಅಲ್ಲ! ಅಕ್ಷರಗಳ ಜೋಡಣೆ ಪೂರ್ತಿ ಬೇರೆ. ಅಂದರೆ ಕ್ವರ್ಟಿಯೇ ಕೊನೆಯ ಮಾತು ಅಂತ ಅದನ್ನು ಮಾಡಿದವರೇ ನಂಬಿರಲಿಲ್ಲ. 1890ರ ಫೆಬ್ರವರಿ 17ರಂದು, 71 ತುಂಬಿದ ಮೂರೇ ದಿನಕ್ಕೆ, ಮಿಲ್ವಾಕಿಯಲ್ಲಿ ಅವರು ತೀರಿಕೊಂಡರು. ಆ ಪೇಟೆಂಟ್ ಮಂಜೂರಾದದ್ದು 1896ರಲ್ಲಿ, ಆರು ವರ್ಷ ತಡವಾಗಿ.

ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು. 1888ರಲ್ಲಿ ಸಿನ್ಸಿನಾಟಿ ನಗರದಲ್ಲಿ ನಡೆದ ವೇಗದ ಸ್ಪರ್ಧೆಯಲ್ಲಿ ಕೀಲಿಮಣೆ ನೋಡದೆಯೇ ಟೈಪು ಮಾಡುವ ಫ್ರಾಂಕ್ ಮೆಕ್‌ಗರಿನ್ ರೆಮಿಂಗ್ಟನ್ ಯಂತ್ರದ ಮೇಲೆ ಗೆದ್ದಿದ್ದರು. ಶಾಲೆಗಳು ಕ್ವರ್ಟಿಯನ್ನೇ ಕಲಿಸುತ್ತಿದ್ದವು. 1893ರಲ್ಲಿ ರೆಮಿಂಗ್ಟನ್ ಸೇರಿದಂತೆ ದೊಡ್ಡ ಕಂಪನಿಗಳು ಒಂದಾಗಿ ಯೂನಿಯನ್ ಟೈಪ್‌ರೈಟರ್ ಕಂಪನಿ ಆದಾಗ ಕ್ವರ್ಟಿಗೆ ಎದುರಾಳಿಯೇ ಇಲ್ಲದಂತಾಯಿತು. ಕಡ್ಡಿಗಳ ಡಿಕ್ಕಿಗೆ ಆಮೇಲೆ ಬೇರೆ ಪರಿಹಾರಗಳು ಬಂದವು. ಕೊನೆಗೆ ಕಡ್ಡಿಗಳೇ ಮಾಯವಾದವು. ಜೋಡಣೆ ಮಾತ್ರ ಉಳಿಯಿತು, ಯಾಕೆಂದರೆ ಅದು ಆಗಲೇ ಯಂತ್ರದಿಂದ ಇಳಿದು ಜನರ ಬೆರಳುಗಳಲ್ಲಿ ಮನೆ ಮಾಡಿತ್ತು. 1936ರಲ್ಲಿ ಆಗಸ್ಟ್ ಡ್ವೊರಾಕ್ ತಮ್ಮ ಹೊಸ ಜೋಡಣೆಗೆ ಪೇಟೆಂಟ್ ಪಡೆದರೂ ಅದನ್ನು ಅಲ್ಲಾಡಿಸಲು ಆಗಲಿಲ್ಲ.

ನಮ್ಮ ಕನ್ನಡದ ಬೆರಳುಗಳಿಗೂ ಈ ಗಂಟು ಬಿದ್ದಿದೆ. ನಾಡೋಜ ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯ ಮೂಲಕ ಮನೆಮಾತಾದ ಕನ್ನಡ ಜೋಡಣೆಯಲ್ಲಿ ದ, ಗ, ಹ, ಜ, ಕ, ಲ ಸಾಲಾಗಿ ನಡುಸಾಲಿನಲ್ಲಿವೆ. ಡಿ, ಜಿ, ಎಚ್, ಜೆ, ಕೆ, ಎಲ್ ಇರುವ ಕಡೆಯೇ. ಮಧ್ಯದ ಎಫ್ ಒತ್ತಕ್ಷರ ಕೂಡಿಸುವ ಕೆಲಸ ಮಾಡುತ್ತದೆ. ಮಹಾಪ್ರಾಣ ಬೇಕಾದರೆ ಶಿಫ್ಟ್: ಕ ಹೋಗಿ ಖ ಬರುತ್ತದೆ. ಐವತ್ತರಷ್ಟು ಅಕ್ಷರ, ಅವುಗಳ ಗುಣಿತ, ಒತ್ತು ಇಷ್ಟನ್ನೂ ಇಂಗ್ಲಿಷಿನ 26 ಕೀಲಿಗಳಲ್ಲಿ ಜಗಳವಿಲ್ಲದೆ ಕೂರಿಸಿದ ಜಾಣ್ಮೆ ರಾವ್ ಅವರದ್ದು. ಅವರು ನಿಂತು ಕೆಲಸ ಮಾಡಿದ ನೆಲ ಮಾತ್ರ ಶೋಲ್ಸ್ ಉಳಿಸಿಹೋದದ್ದು. ನಾವು ಕನ್ನಡ ಅಂತ ಬರೆಯುವಾಗ ಕ ನಮ್ಮ ಬಲಗೈ ನಡುಬೆರಳಿನ ಕೆಳಗೆ ಸಿಗುವುದಕ್ಕೆ 1868ರ ಪಿಯಾನೋ ಸಾಲಿನ ಉಳಿಕೆಯೇ ಕಾರಣ.

ಇಲ್ಲೂ ಹೊಸ ಜಗಳ ಇದ್ದೇ ಇದೆ. ಕನ್ನಡ ಕೀಲಿಮಣೆ ಆನ್ ಇಟ್ಟುಕೊಂಡು ವಿಮ್‌ನ ನಾರ್ಮಲ್ ಮೋಡ್‌ಗೆ ಹೋದರೆ, ಕರ್ಸರ್ ಕೆಳಗಿಳಿಸಲು ಜೆ ಒತ್ತಿದಾಗ ಎಡಿಟರ್‌ಗೆ ಸಿಗುವುದು ಜ. ಅದಕ್ಕೆ ಆ ಅಕ್ಷರದ ಆಜ್ಞೆ ಗೊತ್ತಿಲ್ಲ, ಸುಮ್ಮನೆ ಕೂರುತ್ತದೆ. ವಿಮ್‌ನಲ್ಲಿ ಲ್ಯಾಂಗ್‌ಮ್ಯಾಪ್ ಎಂಬ ಆಯ್ಕೆ ಇರುವುದು ಇದಕ್ಕಾಗಿಯೇ. ಬೇರೆ ಲಿಪಿಯ ಅಕ್ಷರ ಬಂದರೆ ಅದನ್ನು ಯಾವ ಇಂಗ್ಲಿಷ್ ಕೀಲಿಯೆಂದು ತಿಳಿಯಬೇಕು ಅಂತ ಅದರಲ್ಲಿ ಬರೆದಿಡಬಹುದು. ಕನ್ನಡದಲ್ಲಿ ಪ್ರಾಜೆಕ್ಟ್ ರಿಪೋರ್ಟ್, ಬ್ಲಾಗ್, ಕಥೆ ಬರೆಯುವ ನಮ್ಮಂಥವರು ಈ ಥರದ ಪಟ್ಟಿ ಮಾಡದೇ ಹೋದರೆ ನಮ್ಮ ಪರವಾಗಿ ಇನ್ಯಾರೂ ಮಾಡೋದಿಲ್ಲ. ಕ್ಲೆಫೇನ್ ಕೆಲಸ ಈಗ ನಮ್ಮ ಪಾಲಿಗೆ ಬಂದಿದೆ.

ಇನ್ನು ನಿಮ್ಮ ಎಡಿಟರ್‌ನಲ್ಲಿ ಹೊಸ ಶಾರ್ಟ್‌ಕಟ್ ಹಾಕಿಕೊಳ್ಳುವ ಮುಂಚೆ ಮೂರು ವಿಷಯ ನೋಡಿಕೊಳ್ಳಿ. ಆ ಕೀಲಿ ಈಗಾಗಲೇ ಯಾರ ಕೈಯಲ್ಲಿದೆ, ಯಾವ ಸನ್ನಿವೇಶದಲ್ಲಿ ಮಾತ್ರ ನಿಮ್ಮದು ಕೆಲಸ ಮಾಡಬೇಕು, ಒಂದು ತಿಂಗಳಾದ ಮೇಲೆ ಬದಲಿಸಬೇಕು ಅನ್ನಿಸಿದರೆ ನಿಮ್ಮ ಬೆರಳು ಕೇಳುತ್ತದೆಯೇ. ಮೊದಲ ಎರಡಕ್ಕೆ ಎಡಿಟರ್ ಉತ್ತರ ಕೊಡುತ್ತದೆ. ಮೂರನೆಯದನ್ನು ಶೋಲ್ಸ್ ತಮ್ಮ ಕೊನೆಯ ವರ್ಷದಲ್ಲಿ ಪ್ರಯತ್ನಿಸಿದ್ದರು. ಆ ಪೇಟೆಂಟಿನ ಕೀಲಿಮಣೆಯನ್ನು ಇಂದು ಯಾರೂ ಬಳಸುವುದಿಲ್ಲ.